ಹದಿಮೂರು ರೂಪಾಯಿ ಬಾಕಿ

ನನ್ನ ಷಡ್ಡಕ ಬಲ್ಗೇರಿಯಾಕ್ಕೆ ಹೋಗಿಬಂದ. ಹೋಗಿಬಂದವನು ಅವನು, ದಣಿದವರು ನಾವು. ಅಲ್ಲಿ ಯಾವುದೋ ಬೆಟ್ಟದ ಹಳ್ಳಿಯಲ್ಲಿ ಮುತ್ತಜ್ಜನ ಕಾಲದ ಮರದ ಮನೆಯನ್ನೇ ತಂಗುದಾಣ ಮಾಡಿದ್ದಾರಂತೆ. ಅಲ್ಲಿ ಎರಡು ರಾತ್ರಿ ಮಲಗಿದ್ದಕ್ಕೆ ನಮಗೆ ನಾಲ್ಕು ಭಾನುವಾರ ಫೋಟೊ ತೋರಿಸಿದ. ಕಲ್ಲುಹಾಸಿನ ಓಣಿ, ಚಪ್ಪಡಿ ಹೊದಿಸಿದ ಸೂರು, ಹೊಗೆ ಹಿಡಿದ ತೊಲೆ, ಮಣ್ಣಿನ ಕುಡಿಕೆಯಲ್ಲಿ ಮೊಸರು. "ಮೊಸರು ಅಂದ್ರೆ ಅದಪ್ಪಾ!" ಎಂದ, ಮೂವತ್ತು ವರ್ಷ ಮನೆಯ ಮೊಸರನ್ನಕ್ಕೆ ಮೂಗು ಮುರಿದವನು. ಮೊಸರಿನ ಬ್ಯಾಕ್ಟೀರಿಯಕ್ಕೇ ಆ ದೇಶದ ಹೆಸರು ಅಂಟಿರುವುದರಿಂದ ನಾನು ವಾದಕ್ಕಿಳಿಯಲಿಲ್ಲ.

ಹಳೆಯ ಕಾಲದ ಛತ್ರಕ್ಕೆ ಅಲ್ಲಿ ‘ಹಾನ್’ ಎನ್ನುತ್ತಾರೆ. ತುರ್ಕರು ಸುಮಾರು ಐನೂರು ವರ್ಷ ಆಳಿ ಬಿಟ್ಟುಹೋದ ಮಾತು. ನಮ್ಮ ಮುಸಾಫಿರಖಾನೆಯ ‘ಖಾನೆ’ಗೆ ದಾಯಾದಿ. ಬೇರು ಒಂದೇ, ನಸೀಬು ಬೇರೆ. ಅಲ್ಲಿ ಹುಡುಗರು ಸೋಫಿಯಾಕ್ಕೋ ಜರ್ಮನಿಗೋ ಹೊರಟುಹೋಗಿ ಹಳ್ಳಿ ಬರಿದಾಯಿತು, ಮನೆ ಉಳಿಯಿತು. ಬೆಂಗಳೂರಿನ ನಮ್ಮ ಹಲಸೂರಿನಲ್ಲಿ ಊರು ತುಂಬಿತು, ಮನೆ ಹೋಯಿತು. "ನಮ್ಮಲ್ಲೆಲ್ಲಿದೆ ಬಿಡು ಇಂಥದ್ದು" ಎಂದು ಷಡ್ಡಕ ಐದನೆಯ ಭಾನುವಾರವೂ ಅಂದಾಗ ದಂಡಿನಲ್ಲಿ ಹುಟ್ಟಿ ಬೆಳೆದ ನನಗೆ ರೋಷ ಬಂತು. ದಂಡು ಪ್ರದೇಶದ್ದೇ ಒಂದು ಪಾರಂಪರಿಕ ಬಂಗಲೆಯಲ್ಲಿ ಒಂದು ರಾತ್ರಿಗೆ ಕೋಣೆ ಹಿಡಿದೆ. ಒಂಬತ್ತೂವರೆ ಸಾವಿರ, ತೆರಿಗೆ ಬೇರೆ. ನಮ್ಮ ಮನೆಯಿಂದ ಆಟೋಗೆ ಎಂಬತ್ತು ರೂಪಾಯಿ ದೂರ.

ಬಂಗಲೆ ಚೆನ್ನಾಗಿತ್ತು, ಸುಳ್ಳು ಹೇಳಬಾರದು. ಕೆಂಪು ಹೆಂಚು, ಕೆಂಪು ಗಾರೆಯ ನೆಲ, ಕಿಟಕಿಗಳ ಮೇಲೆ ಮರದ ಪಟ್ಟಿಗಳ ಚೂಪು ಟೊಪ್ಪಿಗೆ. ಬೆಂಗಳೂರಿನವರು ಅದನ್ನು ಮಂಕಿಟಾಪ್ ಎಂದು ಕರೆಯುತ್ತಾರೆ. "ಎಷ್ಟು ಹಳೆಯದಪ್ಪಾ ಇದು?" ಎಂದು ಸ್ವಾಗತದ ಹುಡುಗನನ್ನು ಕೇಳಿದೆ. "ಮುಂಭಾಗ ನೂರಿಪ್ಪತ್ತು ವರ್ಷ, ಹಿಂಭಾಗ ಎರಡು ವರ್ಷ ಸಾರ್." ನನ್ನ ಕೋಣೆ ಹಿಂಭಾಗದಲ್ಲಿತ್ತು.

ಕೋಣೆಯಲ್ಲಿ ಟಿವಿ ಇರಲಿಲ್ಲ. ಆ ಕಾಲದಲ್ಲಿ ಇರಲಿಲ್ಲವಂತೆ. ನಲ್ಲಿಯಲ್ಲಿ ಬಿಸಿನೀರು ಬರಲು ಅರ್ಧ ಗಂಟೆ ಹಿಡಿಯಿತು. ಅದೂ ಆ ಕಾಲದ್ದೇ. ಕರೆಂಟು ಹೋದಾಗ ಅದೇ ಹುಡುಗ ಒಂದು ಮೊಂಬತ್ತಿ ತಂದಿಟ್ಟು "ಇದಕ್ಕೆ ಚಾರ್ಜ್ ಇಲ್ಲ ಸಾರ್" ಅಂದ. ನನ್ನ ದುಡ್ಡು ಮಾತ್ರ ಫೋನಿನಿಂದ ಕಣ್ಣುಮುಚ್ಚಿ ತೆರೆಯುವುದರೊಳಗೆ ಹೋಗಿತ್ತು. ಅದೊಂದು ಈ ಕಾಲದ್ದು.

ಅಂಗಳದಲ್ಲಿ ಒಂದು ಒರಳುಕಲ್ಲು. ಗುಂಡು ಇಲ್ಲ, ನೀರು ತುಂಬಿ ಗುಲಾಬಿ ಪಕಳೆ ತೇಲಿಬಿಟ್ಟಿದ್ದರು. ಪಕ್ಕದಲ್ಲಿ ಹಿತ್ತಾಳೆಯ ಫಲಕ: ‘ವಸಾಹತು ಕಾಲದ ಶಿಲಾಪಾತ್ರೆ’. ಹಲಸೂರಿನ ಸೋಮೇಶ್ವರ ಗುಡಿಯ ಹಿಂದಿನ ಮನೆಯಲ್ಲಿ ನಮ್ಮಜ್ಜಿ ನಲವತ್ತು ವರ್ಷ ಇಂಥದೇ ಶಿಲಾಪಾತ್ರೆಯಲ್ಲಿ ಇಡ್ಲಿಗೆ ರುಬ್ಬಿದಳು. ಮನೆಗೆ ಗ್ರೈಂಡರ್ ಬಂದ ದಿನ ಅದಕ್ಕೆ ಅರಿಶಿನ ಕುಂಕುಮ ಇಟ್ಟು, ಒರಳನ್ನು ಶಿವಾಜಿನಗರದ ಗುಜರಿಯವನಿಗೆ ಕೊಟ್ಟಳು. ಹೊತ್ತುಕೊಂಡು ಹೋಗುವ ಉಪಕಾರಕ್ಕೆ ಅವನಿಗೇ ಐದು ರೂಪಾಯಿ ಕೊಟ್ಟಳು. ಅವಳ ರಟ್ಟೆಯ ನೋವಿನ ಫೋಟೊ ಯಾರೂ ತೆಗೆದಿಲ್ಲ.

ಪಡಸಾಲೆಯ ಗೋಡೆ ತುಂಬ ದೊರೆಗಳು. ಕುದುರೆಯ ಮೇಲೆ ಒಬ್ಬ, ಸತ್ತ ಹುಲಿಯ ಮೇಲೆ ಕಾಲಿಟ್ಟು ಒಬ್ಬ, ಬೆತ್ತದ ಕುರ್ಚಿಯಲ್ಲಿ ಕಾಲು ಚಾಚಿ ಇನ್ನೊಬ್ಬ. ಕುರ್ಚಿ ಹೆಣೆದವನಿಲ್ಲ, ಬಟ್ಲರ್, ಆಯಾ, ನೀರು ಹೊತ್ತ ಭಿಸ್ತಿ ಇಲ್ಲ. ಅವರ ಮರಿಮಕ್ಕಳು ಹಲಸೂರಿನಲ್ಲೂ ಶಿವಾಜಿನಗರದಲ್ಲೂ ಗಟ್ಟಿಮುಟ್ಟಾಗಿ ಇದ್ದಾರೆ. ಆದರೆ ದಂಡಿನಲ್ಲಿ ಪರಂಪರೆ ಎಂಬುದು ಬಂಗಲೆಗೆ ಇರುತ್ತದೆ, ಬಟ್ಲರ್‌ಗೆ ಇರುವುದಿಲ್ಲ.

ನಟ್ಟನಡುವೆ ಚರ್ಚಿಲ್. "ಇವರಿಗೂ ಈ ಮನೆಗೂ ಏನು ಸಂಬಂಧ?" ಎಂದೆ. "ಈ ರೋಡಲ್ಲಿ ಕುದುರೆ ಮೇಲೆ ಹೋಗಿರಬಹುದು ಸಾರ್." ಹೋಗಿರಬಹುದು. 1896ರಲ್ಲಿ ಹುಸಾರ್ ಅಶ್ವದಳದ ಕಿರಿಯ ಅಧಿಕಾರಿಯಾಗಿ ಇಲ್ಲಿಗೆ ಬಂದ ಚರ್ಚಿಲ್ ಪೋಲೊ ಆಡಿದ, ಇತಿಹಾಸಕಾರ ಗಿಬ್ಬನ್‌ನನ್ನು ಓದಿದ, ಗುಲಾಬಿ ಬೆಳೆಸಿದ, ಚಿಟ್ಟೆ ಹಿಡಿದ. ಚಿಟ್ಟೆಗಳ ಇಡೀ ಸಂಗ್ರಹವನ್ನು ಒಂದು ಇಲಿ ತಿಂದುಹಾಕಿತು. ಆ ಇಲಿಯನ್ನು ಅವನ ನಾಯಿ ಕೊಂದಿತು. ಸಾಮ್ರಾಜ್ಯದ ಮೇಲೆ ದಂಡಿನೊಳಗೇ ನಡೆದ ಈ ಏಕಾಂಗಿ ಕಾರ್ಯಾಚರಣೆಗೆ ಒಂದು ಫಲಕವಾದರೂ ಬೇಡವೇ? 1868ರಲ್ಲಿ ಶುರುವಾದ ಬೆಂಗಳೂರು ಕ್ಲಬ್ಬಿನ ಲೆಕ್ಕದ ಪುಸ್ತಕದಲ್ಲಿ, 1899ರ ವಸೂಲಾಗದ ಸಾಲಗಳ ಪಟ್ಟಿಯಲ್ಲಿ, ಅವನ ಹೆಸರಿನ ಮುಂದೆ ಹದಿಮೂರು ರೂಪಾಯಿ ಇದೆ. ಆ ಪುಸ್ತಕ ಈಗ ಪೂಜೆಗೆ ಇಟ್ಟ ಹಾಗೆ ಭದ್ರವಾಗಿದೆ. ನಮ್ಮ ಬೀದಿಯ ಶೆಟ್ಟರ ಅಂಗಡಿಯ ಪುಸ್ತಕದಲ್ಲಿ ನನ್ನ ಹೆಸರಿಗೆ ಮುನ್ನೂರ ನಲವತ್ತು ಇದೆ. ಶೆಟ್ಟರು ಅದನ್ನು ಪರಂಪರೆ ಎಂದು ಒಪ್ಪುತ್ತಿಲ್ಲ.

ರೇಸ್‌ಕೋರ್ಸ್ ರಸ್ತೆಯ ವೆಸ್ಟೆಂಡ್ ಹೋಟೆಲ್ ಕೂಡ 1887ರಲ್ಲಿ ಬ್ರಾನ್ಸನ್ ಎಂಬ ಆಂಗ್ಲ ಮಹಿಳೆ ನಡೆಸುತ್ತಿದ್ದ ಹತ್ತು ಕೋಣೆಗಳ ಊಟ-ವಸತಿಯ ಮನೆ. ಅಂದರೆ ಪಿ.ಜಿ. ಆ ಮಾತನ್ನು ಮಾತ್ರ ಯಾರೂ ಆಡುವುದಿಲ್ಲ. ಜೋಲಾರಪೇಟೆಯಿಂದ ದಂಡಿಗೆ ರೈಲು ಬಂದದ್ದು 1864ರಲ್ಲಿ. ಇಳಿದ ದೊರೆಗೆ ಬಂಗಲೆ ಇತ್ತು, ಗಂಟು ಹೊತ್ತು ಬಂದವನಿಗೆ ಜಗಲಿ. ಪೇಟೆಯ ಕಡೆ ಹಾಗಲ್ಲ. ಗುಬ್ಬಿ ತೋಟದಪ್ಪನವರು ಸ್ವಂತ ದುಡ್ಡು ಸುರಿದು ರೈಲು ನಿಲ್ದಾಣದ ಎದುರೇ ಛತ್ರ ಕಟ್ಟಿಸಿದರು, 1903ರಲ್ಲಿ ಅದು ಬಾಗಿಲು ತೆರೆಯಿತು, ಮಹಾರಾಜರು ಅವರನ್ನು ‘ಧರ್ಮಪ್ರವರ್ತ’ ಎಂದರು. ನಾಡಿನ ಮೂಲೆಮೂಲೆಯಿಂದ ಬಂದವರು ಅಲ್ಲಿ ಗಂಟುಮೂಟೆ ಇಳಿಸಿದ್ದಾರೆ. ಅವರಲ್ಲಿ ಯಾರೂ ಅದನ್ನು ‘ಅನುಭವ’ ಎಂದು ಕರೆಯಲಿಲ್ಲ. ಮಲಗಿದರು, ಎದ್ದರು, ಕೆಲಸಕ್ಕೆ ಹೋದರು.

ಈಗ ಊರಿಗೆ ಬಂದವರು ಗಂಟು ಇಳಿಸುವುದು ಕೆ.ಆರ್. ಪುರದಲ್ಲಿ. ತೂಗುಸೇತುವೆ ದಾಟಿದರೆ ಸಾಲುಸಾಲು ಪಿ.ಜಿ.ಗಳು: ಇಬ್ಬರ ಹಂಚಿಕೆ, ಮೂವರ ಹಂಚಿಕೆ, ನಾಲ್ವರ ಹಂಚಿಕೆ. ಛತ್ರದಿಂದ ಧರ್ಮ ಕಳೆದರೆ ಉಳಿಯುವ ಶೇಷ. ಕಬ್ಬಿಣದ ಮಂಚ, ಕಿಟಕಿಗೆ ಒದ್ದೆ ಟವೆಲ್ಲು, ‘ರಾತ್ರಿ ಹತ್ತರ ಮೇಲೆ ಗೇಟು ತೆಗೆಯುವುದಿಲ್ಲ’ ಎಂಬ ಬೋರ್ಡು, ಬೆಳಿಗ್ಗೆ ಟೊಮೆಟೊ ಬಾತು. ನೂರು ವರ್ಷ ಕಾಯಿರಿ, ಇವೂ ಪಾರಂಪರಿಕವಾಗುತ್ತವೆ. ನಮ್ಮ ಮರಿಮಕ್ಕಳು ಲಕ್ಷ ಕೊಟ್ಟು ನಾಲ್ವರ ಹಂಚಿಕೆಯಲ್ಲಿ ಮಲಗಿ, ಟೊಮೆಟೊ ಬಾತಿಗೆ ಕಣ್ಣೀರಿಡುತ್ತಾರೆ. ಇಂದಿರಾನಗರ ಅಷ್ಟೂ ಕಾಯುವುದಿಲ್ಲ: ನಿವೃತ್ತ ಇಂಜಿನಿಯರರು ಎಂಬತ್ತರ ದಶಕದಲ್ಲಿ ಸಾಲ ಮಾಡಿ ಕಟ್ಟಿದ ಮನೆಗಳು ಈಗಲೇ ಪಬ್ಬುಗಳಾಗಿವೆ, ದೇವರಮನೆ ಇದ್ದ ಜಾಗದಲ್ಲಿ ಬಿಯರಿನ ಪೀಪಾಯಿ.

ರಾತ್ರಿ ನಿದ್ದೆ ಹತ್ತಲಿಲ್ಲ. ನಾಲ್ಕು ಕಂಬದ ಮಂಚ, ಸೊಳ್ಳೆಪರದೆ. ಪರದೆಯ ಒಳಗೇ ಒಂದು ಸೊಳ್ಳೆ, ಬಹುಶಃ ಅದೂ ಮುಂಗಡ ಕಟ್ಟಿತ್ತು. ಹಲಸೂರಿನ ಸ್ಥಳಪುರಾಣ ನೆನಪಾಯಿತು. ಬೇಟೆಗೆ ಬಂದ ಯಲಹಂಕದ ಗೌಡರು (ಕೆಂಪೇಗೌಡರೆಂದು ಕೆಲವರು, ಜಯಪ್ಪಗೌಡರೆಂದು ಕೆಲವರು) ದಣಿದು ಮರದ ಕೆಳಗೆ ಮಲಗಿದರಂತೆ. ಕನಸಿನಲ್ಲಿ ಲಿಂಗ ಹೂತಿರುವ ಜಾಗ ತಿಳಿಯಿತು, ಅಗೆದರೆ ನಿಧಿಯೂ ಸಿಕ್ಕಿತು, ಸೋಮೇಶ್ವರ ಗುಡಿ ಎದ್ದಿತು. ಬಾಡಿಗೆ ಕೊಡಲಿಲ್ಲ, ಗುರುತಿನ ಚೀಟಿ ತೋರಿಸಲಿಲ್ಲ, ಮಧ್ಯಾಹ್ನ ಎರಡರವರೆಗೆ ಮರದಾಚೆ ಕಾಯಲಿಲ್ಲ. ಮಲಗಿದವನಿಗೇ ದುಡ್ಡು ಸಿಕ್ಕಿದ್ದು ಈ ಭಾಗದಲ್ಲಿ ಅದೇ ಕೊನೆಯ ಸಲ ಇರಬೇಕು. ನನಗೆ ಬೆಳಗಿನ ಜಾವ ಕನಸೇನೋ ಬಿತ್ತು. ಅಜ್ಜಿ ಬಂದು "ಒಂಬತ್ತೂವರೆ ಸಾವಿರಾನಾ?" ಎಂದು ಕೇಳಿ ಹೋದಳು.

ಬೆಳಿಗ್ಗೆ ಬಿಲ್ಲು ಬಂತು. ಮೊಂಬತ್ತಿಗೆ ಚಾರ್ಜ್ ಇರಲಿಲ್ಲ. ‘ಪರಂಪರೆ ನಿರ್ವಹಣೆ’ ಎಂದು ಏಳುನೂರು ಇತ್ತು. "ಬಾಕಿ ಬರೆದುಕೊಳ್ಳಪ್ಪಾ. ಮುಂದೆ ಗೋಡೆಗೆ ಹಾಕಿಕೊಳ್ಳಬಹುದು" ಎಂದೆ.

"ಆಗಲೇ ಕಟ್ ಆಗಿದೆ ಸಾರ್" ಎಂದ.

ಈ ಭಾನುವಾರ ಷಡ್ಡಕನನ್ನು ಊಟಕ್ಕೆ ಕರೆದಿದ್ದೇನೆ. ಅರವತ್ತೆರಡು ಫೋಟೊ ಇವೆ.