ಹಂಗ ಕುಂದರ್ರಿ ಕಾಕಾ

ಅಫಜಲಪುರ ತಾಲೂಕಿನ ಸೊನ್ನ ಬ್ಯಾರೇಜಿನ ಮೇಲೆ ಕೊರಳಿಗೆ ಕ್ಯಾಮೆರಾ ನೇತುಹಾಕಿಕೊಂಡವರು ಎರಡು ನಮೂನೆ. ಉಜನಿ ಅಣೆಕಟ್ಟಿನಿಂದ ನೀರು ಬಿಟ್ಟ ಸುದ್ದಿ ಬಂದ ಕೂಡಲೇ ಗೇಟಿನ ನೊರೆ ಹಿಡಿಯಲು ಬೈಕು ಓಡಿಸಿಕೊಂಡು ಬರುವವರು ಒಂದು ನಮೂನೆ; ಅವರ ಬಗ್ಗೆ ಹೇಳುವಂಥದ್ದೇನಿಲ್ಲ. ಎರಡನೆಯವನು, ಭೀಮೆಯಲ್ಲಿ ನೀರಿರಲಿ ಬಿಡಲಿ, ಕಟ್ಟೆಯ ಮೇಲೆ ಬೀಡಿ ಸೇದುತ್ತ ಕೂತ ಮುದುಕನ ಎದುರು ಮೊಣಕಾಲೂರಿ, ಲೆನ್ಸಿನ ಉಂಗುರವನ್ನು ಕೂದಲೆಳೆಯಷ್ಟು ಆಚೆ, ಕೂದಲೆಳೆಯಷ್ಟು ಈಚೆ ತಿರುಗಿಸುತ್ತ, ‘ಹಂಗ ಕುಂದರ್ರಿ ಕಾಕಾ, ಒಂದ್ ನಿಮಿಷ’ ಎನ್ನುವವನು. ಕ್ಯಾಮೆರಾ ಮದುವೆ ಆರ್ಡರಿಗೆಂದು ಕಂತಿನಲ್ಲಿ ತಂದ ಮಿರರ್‌ಲೆಸ್ಸು. ಅದರ ಜೊತೆ ಬಂದ ಲೆನ್ಸು, ಪಾಪ, ತನ್ನಷ್ಟಕ್ಕೆ ತಾನೇ ಫೋಕಸ್ ಮಾಡುತ್ತದೆ ಎಂಬ ಒಂದೇ ಅಪರಾಧಕ್ಕೆ ಅಲಮಾರಿ ಸೇರಿದೆ. ಅದರ ಜಾಗದಲ್ಲಿ ಐದಾರು ಸಾವಿರಕ್ಕೆ ಸಿಕ್ಕ ಹೆಲಿಯೊಸ್ 44-2, ನಡುವೆ ಕೆಲವು ನೂರು ರೂಪಾಯಿಯ ಅಡಾಪ್ಟರ್.

ಈ ಹೆಲಿಯೊಸ್ಸಿನ ಕುಲಗೋತ್ರ ಕೇಳಬಾರದು. ಕೇಳಿದರೆ ಚಹಾ ಆರುತ್ತದೆ. ಮೂಲ ಜರ್ಮನಿಯ ಯೇನಾ ಊರಿನ ಜೈಸ್ ಕಂಪನಿಯ ಬಯೋಟಾರ್. ಎರಡನೇ ಮಹಾಯುದ್ಧದ ನಂತರ ಅದೇ ವಿನ್ಯಾಸ ಹಿಡಿದು ಸೋವಿಯತ್ತಿನವರು ಮಾಸ್ಕೋ ಹತ್ತಿರದ ಕ್ರಾಸ್ನೊಗೊರ್ಸ್ಕ್ ಕಾರ್ಖಾನೆಯಲ್ಲಿ ಮಾಡಿದರು. ಝೆನಿತ್ ಕ್ಯಾಮೆರಾದೊಂದಿಗೆ ಲಕ್ಷಗಟ್ಟಲೆ ಹೊರಬಿತ್ತು. ಇದಿಷ್ಟೂ ನಿಜವೇ. ಲಕ್ಷಗಟ್ಟಲೆ ಬಂದದ್ದರಿಂದಲೇ ಅಗ್ಗ ಎಂಬ ಮಾತನ್ನು ಮಾತ್ರ ಅವನು ನುಂಗುತ್ತಾನೆ. ಲೆನ್ಸಿನಲ್ಲಿ ವಿದ್ಯುತ್ ಸಂಪರ್ಕವೇ ಇಲ್ಲದ ಕಾರಣ ಎಷ್ಟು ಅಪರ್ಚರ್ ಇತ್ತೆಂದು ಕ್ಯಾಮೆರಾ ಬರೆದಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಕೇಳಿದವರಿಗೆಲ್ಲ ‘ಎಫ್ 2, ಫುಲ್ ಓಪನ್’ ಎಂದು ಧೈರ್ಯವಾಗಿ ಹೇಳಬಹುದು. ಮಲೆನಾಡಿನ ಲೆನ್ಸುಗಳಿಗೆ ಹಿಡಿಯುವ ಬೂಷ್ಟು ನಮ್ಮ ಒಣಹವೆಯಲ್ಲಿ ಸುಲಭಕ್ಕೆ ಹಿಡಿಯದು ಎಂಬುದನ್ನೂ ತನ್ನ ಖಾತೆಗೇ ಜಮಾ ಮಾಡಿಕೊಂಡಿದ್ದಾನೆ.

ಅವನ ಫೋಟೋಗಳು ಚೆನ್ನಾಗಿರುತ್ತವೆ. ತಕರಾರು ಇರುವುದು ಚೆನ್ನಾಗಿರುವುದಕ್ಕೆ ಅವನು ಕೊಡುವ ಕಾರಣದ ಬಗ್ಗೆ. ಎಲ್ಲ ಈ ಗಾಜಿನ ಗುಣ, ಹಿನ್ನೆಲೆ ಸುಳಿಯಾಗಿ ತಿರುಗುತ್ತದೆ ನೋಡ್ರಿ, ಎನ್ನುತ್ತಾನೆ. ಆ ಸುಳಿ ಇರುವುದು ಬಿಂಬದ ಅಂಚಿನಲ್ಲಿ. ಅವನ ಕ್ಯಾಮೆರಾದ ಎಪಿಎಸ್-ಸಿ ಸೆನ್ಸರು ಹಳೆಯ 35 ಮಿ.ಮೀ. ಫಿಲ್ಮಿನ ಚೌಕಟ್ಟಿಗಿಂತ ಚಿಕ್ಕದು, ಬಿಂಬದ ನಡುಭಾಗವನ್ನಷ್ಟೇ ತೆಗೆದುಕೊಂಡು ಅಂಚನ್ನು ಬಿಟ್ಟುಬಿಡುತ್ತದೆ. ಉಳಿದ ಚೂರುಪಾರು ಸುಳಿಗೂ ಬೇವಿನ ಎಲೆಗಳ ನಡುವಿಂದ ಸೋರುವಂಥ ಚುಕ್ಕೆ ಬೆಳಕು ಬೇಕು. ಬ್ಯಾರೇಜಿನ ಮೇಲೆ ಕಾಕಾನ ಹಿಂದಿರುವುದು ನೀರು, ಕಾಂಕ್ರೀಟು, ಆಕಾಶ. ತಿರುಗಲು ಅಲ್ಲಿ ಏನಿದೆ? ಇನ್ನು ನಮ್ಮ ಬಿಸಿಲು. ಐಎಸ್‌ಒ 100 ಇಟ್ಟು ಎಫ್ 2ರಲ್ಲಿ ನಡುಮಧ್ಯಾಹ್ನ ತೆಗೆಯಬೇಕೆಂದರೆ ಶಟರು ಸೆಕೆಂಡಿನ 6400ರಲ್ಲಿ ಒಂದು ಪಾಲಿನಷ್ಟು ಚುರುಕಿರಬೇಕು. ಇಂಥ ಅಗ್ಗದ ಕ್ಯಾಮೆರಾಗಳ ಶಟರು ಸಾಮಾನ್ಯವಾಗಿ 4000ಕ್ಕೇ ಕೈಚೆಲ್ಲುತ್ತದೆ. ಅದಕ್ಕೇ ಅಪರ್ಚರಿನ ಉಂಗುರವನ್ನು 8ಕ್ಕೆ ಒಯ್ದರೆ ಅಲ್ಲಿ ಹೆಲಿಯೊಸ್ಸೂ ಒಂದೇ, ಅಲಮಾರಿಯ ಲೆನ್ಸೂ ಒಂದೇ. ಸುಳಿಯಿಲ್ಲ, ಎಫ್ 2 ಇಲ್ಲ, ಆದರೂ ಮುಖ ಮಾತ್ರ ಅದ್ಭುತ. ಅಂದಮೇಲೆ ಕಾರಣ ಲೆನ್ಸಿನ ಈಚೆ ಇಲ್ಲ, ಆಚೆ ಇದೆ: ಕೂತವನ ತಾಳ್ಮೆಯಲ್ಲಿ.

ಕ್ಯಾಮೆರಾ ಕಂಡೊಡನೆ ನಮ್ಮ ಹಿರಿಯರು ಟೊಪ್ಪಿಗೆ ಸರಿಮಾಡಿಕೊಂಡು, ಎದೆ ಸೆಟೆಸಿ, ಆಧಾರ್ ಕಾರ್ಡಿನ ಮುಖ ಮಾಡುತ್ತಾರೆ. ಆ ಮುಖವನ್ನು ಬಹಳ ಹೊತ್ತು ಹಿಡಿದಿಡಲಾಗದು. ಈ ಪುಣ್ಯಾತ್ಮ ಹುಬ್ಬಿಗೆ ಫೋಕಸ್ ಮಾಡಿ, ಅದು ಕಣ್ಣಲ್ಲವೆಂದು ತಿಳಿದು, ಪರದೆಯನ್ನು ದೊಡ್ಡದು ಮಾಡಿ ನೋಡಿ, ಮತ್ತೆ ಉಂಗುರ ತಿರುಗಿಸುವಷ್ಟರಲ್ಲಿ ಎದೆ ಇಳಿದಿರುತ್ತದೆ, ಗಮನ ತೊಗರಿಯ ರೇಟಿನ ಕಡೆ ಹೋಗಿರುತ್ತದೆ. ಕ್ಲಿಕ್ ಆಗುವುದು ಆಗ. ಇವನು ‘ಕ್ಯಾರೆಕ್ಟರ್’ ಎಂದು ತೋರಿಸುವುದು, ಫೋಟೋ ತೆಗೆಸಿಕೊಂಡು ಬೇಸತ್ತ ಮನುಷ್ಯನ ಅಸಲಿ ಮುಖವನ್ನು.

ಹೊಸ ಲೆನ್ಸಿನಲ್ಲೂ ಆಟೋಫೋಕಸ್ ಆರಿಸಿ ಹೀಗೇ ಸತಾಯಿಸಬಹುದಲ್ಲ ಎಂದು ಕೇಳುವವರಿದ್ದಾರೆ. ಬಹುದು. ಆದರೆ ಗುಂಡಿ ಒತ್ತಿದರೆ ಕೆಲಸವಾಗುತ್ತದೆಂದು ಗೊತ್ತಿದ್ದೂ ಒತ್ತದಿರುವ ವೈರಾಗ್ಯ ಗಾಣಗಾಪುರದ ಸಂಗಮದಲ್ಲಿ ಮುಳುಗಿ ಎದ್ದವರಿಗೂ ಕಷ್ಟ. ಹೆಲಿಯೊಸ್ಸಿನಲ್ಲಿ ಆ ಗುಂಡಿಯೇ ಇಲ್ಲ. ಮೊಬೈಲಿನಲ್ಲೂ ಹಿನ್ನೆಲೆ ಮಸುಕಾಗುತ್ತದಲ್ಲ ಎಂಬವರಿಗೆ ಇನ್ನೂ ಸುಲಭದ ಉತ್ತರವಿದೆ: ಮೊಬೈಲು ಕ್ಷಣದಲ್ಲಿ ಮುಗಿಸುವುದರಿಂದ ಅದಕ್ಕೆ ಸಿಗುವುದು ಆಧಾರ್ ಮುಖವೇ.

ನಿಜಕ್ಕೂ ತೂಕದ ತಕರಾರು ಬರುವುದು ಕಾರಹುಣ್ಣಿಮೆಯ ದಿನ. ಕೋಡಿಗೆ ಬಣ್ಣ ಬಳಿದು, ಗೊಂಡೆ ಕಟ್ಟಿ, ಮೈಮೇಲೆ ಝೂಲ ಹೊದಿಸಿ ಎತ್ತನ್ನು ಓಣಿಗೆ ತಂದ ರೈತ ಅದರ ಪಕ್ಕ ನಿಲ್ಲುತ್ತಾನೆ. ಸಂಜೆ ಬೆಳಕು, ಎಫ್ 2 ಕೊನೆಗೂ ಬಳಕೆಗೆ ಬರುತ್ತದೆ. ಒಂದು ಮೀಟರ್ ದೂರದಲ್ಲಿ ಸ್ಪಷ್ಟವಾಗಿ ಉಳಿಯುವುದು ಸುಮಾರು ಎರಡೂವರೆ ಸೆಂಟಿಮೀಟರ್ ಆಳ. ಅಷ್ಟರಲ್ಲಿ ರೈತನ ಕಣ್ಣು ಹಿಡಿಸುತ್ತದೆ, ಕಿವಿ ಹಿಡಿಸದು. ಮರುದಿನ ವಾಟ್ಸಾಪಿನಲ್ಲಿ ಚಿತ್ರ ಕಂಡವನ ಪ್ರಶ್ನೆ: ‘ತಮ್ಮಾ, ನನ್ ಎತ್ತ ಎಲ್ಲದನೋ?’ ‘ಅದು ಬೊಕೆ ಕಾಕಾ’ ಎಂದರೆ ಸಮಾಧಾನವಾಗುವುದಿಲ್ಲ. ಬಣ್ಣಕ್ಕೆ, ಗೊಂಡೆಗೆ ದುಡ್ಡು ಸುರಿದದ್ದು ಅವನು.

ಈ ತಕರಾರಿಗೆ ನನ್ನಲ್ಲೂ ಉತ್ತರವಿಲ್ಲ. ಆದರೆ ಅದು ನನ್ನ ವಾದಕ್ಕೆ ಸಾಕ್ಷಿಯಾಗುತ್ತದೆ. ಅವನ ಸಂಗ್ರಹ ತೆರೆದು ನೋಡಿ: ಮುದುಕರು, ಒರಗಿಸಿಟ್ಟ ಸೈಕಲ್ಲು, ಚಹಾದ ಗ್ಲಾಸು, ಚಿಲಕ ಹಾಕಿದ ಬಾಗಿಲು. ನಿಂತಲ್ಲಿ ನಿಲ್ಲದ ಕೂಸುಗಳಿಲ್ಲ, ಆಡುಗಳಿಲ್ಲ. ಎತ್ತನ್ನೇ ಫೋಕಸ್ ಮಾಡು ಎಂದು ರೈತ ಹಟ ಹಿಡಿದ ವರ್ಷ ಇವನು ಅದರ ಮುಖದ ಮುಂದೆ ಮೊಣಕಾಲೂರಿ ಉಂಗುರ ತಿರುಗಿಸಿದರೆ, ಎತ್ತು ಒಮ್ಮೆ ಲೆನ್ಸನ್ನು ಮೂಸಿ ನೋಡಿ, ನಾಲಿಗೆಯಿಂದ ನೆಕ್ಕಿ ಮುಂದೆ ಹೋಗುತ್ತದೆ.