ಕುಟುಂಬಕ್ಕೊಂದು ಕ್ಯಾಸರೋಲ್: ಕಾಚಿಗೂಡದ ನಿವಾಸಿಗಳಿಗೆ ಕೈಪಿಡಿ

ಸಾಸೇಜ್ ಮತ್ತು ಆಲೂಗೆಡ್ಡೆಯ ಕ್ಯಾಸರೋಲ್ ಮಾಡಲು ಬೇಕಾಗುವ ಸಾಮಗ್ರಿಗಳಲ್ಲಿ ಮೊದಲನೆಯದು ಪಂಚಾಂಗ. ವಿದೇಶಿ ಪಾಕಪುಸ್ತಕಗಳು ಇದನ್ನು ಹೇಳುವುದಿಲ್ಲ. ಅವನ್ನು ನಂಬಿ ನೇರವಾಗಿ ಈರುಳ್ಳಿ ಹೆಚ್ಚಲು ಕುಳಿತವರು ಕಾಚಿಗೂಡದಲ್ಲಿ ಕೆಟ್ಟಿದ್ದಾರೆ. ಆಷಾಢ ಶುದ್ಧ ಏಕಾದಶಿಗೆ ಚಾತುರ್ಮಾಸ್ಯ ಹಿಡಿಯುತ್ತದೆ. ಅಜ್ಜಿ ಮೊದಲ ತಿಂಗಳು ಕಾಯಿಪಲ್ಯ ಬಿಡುತ್ತಾರೆ, ಎರಡನೆಯ ತಿಂಗಳು ಮೊಸರು, ಮೂರನೆಯದು ಹಾಲು, ನಾಲ್ಕನೆಯದು ದ್ವಿದಳ. ಹಿರಿಯರು ಹೀಗೆ ಒಂದೊಂದಾಗಿ ಬಿಡುತ್ತ ಹೋಗುವಾಗ ಕಿರಿಯರು ಅದೇ ಸೂರಿನಡಿ ಸಾಸೇಜ್ ಹಿಡಿಯುವುದು ಚೆನ್ನಾಗಿ ಕಾಣುವುದಿಲ್ಲ. ಉಳಿದ ಎಂಟು ತಿಂಗಳಲ್ಲಿ ಸೋಮವಾರ ಶಿವನದು, ಗುರುವಾರ ರಾಯರದು, ಶುಕ್ರವಾರ ಲಕ್ಷ್ಮಿಯದು, ಶನಿವಾರ ತಿಮ್ಮಪ್ಪನದು. ಏಕಾದಶಿ, ಅಮಾವಾಸ್ಯೆ, ಸಂಕಷ್ಟಿ, ಸಂಕ್ರಮಣ, ಹಿರಿಯರ ತಿಥಿಗಳನ್ನು ಕಳೆಯಿರಿ. ಮಂಗಳವಾರ, ಬುಧವಾರ ಉಳಿದವು. ಅಂದು ಮನೆಯಲ್ಲಿ ತಿನ್ನುವವರು ಇರುವುದಿಲ್ಲ. ಆದ್ದರಿಂದ ಭಾನುವಾರ ಎಂದು ನಿರ್ಣಯ, ಅದೂ ಬೀಗರು ಬರದ ಭಾನುವಾರ.

ಕ್ಯಾಸರೋಲ್ ಎಂದು ನಾನು ಹೇಳುತ್ತಿರುವುದು ಚಪಾತಿ ಬಿಸಿಯಾಗಿಡುವ ಪ್ಲಾಸ್ಟಿಕ್ ಡಬ್ಬಿಯ ಬಗ್ಗೆ ಅಲ್ಲ. ಅದು ಎಲ್ಲರ ಮನೆಯಲ್ಲೂ ಇದೆ, ಮದುವೆಯ ಉಡುಗೊರೆಯಾಗಿಯೇ ನಾಲ್ಕು ಬಂದಿರುತ್ತವೆ. ಇದು ಭಟ್ಟಿಯ ಶಾಖ ತಾಳುವ ಪಾತ್ರೆಗೆ ಮಾಂಸ, ಗೆಡ್ಡೆ, ರಸ ಎಲ್ಲವನ್ನೂ ಒಟ್ಟಿಗೆ ಸುರಿದು, ಮುಚ್ಚಿ, ಇನ್ನು ಕೆಲಸವಿಲ್ಲವೆಂದು ಕೈ ತೊಳೆದುಕೊಳ್ಳುವ ಪದಾರ್ಥ. ಇದರ ತತ್ತ್ವ ಮೂರು: ಒಂದು ಪಾತ್ರೆ, ಒಂದು ಊಟ, ಒಂದು ಕುಟುಂಬ. ಕ್ರಮವಾಗಿ ಚರ್ಚಿಸಬೇಕೆಂದಿದ್ದೆ, ಆದರೆ ಕುಟುಂಬ ಯಾವತ್ತೂ ತನ್ನ ಸರದಿಗೆ ಕಾಯುವುದಿಲ್ಲ.

ಮಾದರಿಯಾಗಿ ಕಾಚಿಗೂಡ ಸ್ಟೇಷನ್ನಿನ ಹಿಂದಿನ ಗಲ್ಲಿಯ ಒಂದು ಮನೆಯನ್ನು ಕಲ್ಪಿಸಿಕೊಳ್ಳಿ. 1916ರಲ್ಲಿ, ಮೀರ್ ಉಸ್ಮಾನ್ ಅಲಿ ಖಾನರ ಕಾಲದಲ್ಲಿ ಕಟ್ಟಿದ ಆ ಸ್ಟೇಷನ್ನಿನ ಗುಮ್ಮಟಗಳು ಈ ಮನೆಯ ತಾರಸಿಗೆ ಕಾಣುತ್ತವೆ. ತಾರಸಿ ಮುಂದೆ ಬೇಕಾಗುತ್ತದೆ, ನೆನಪಿಡಿ. 1956ರಲ್ಲಿ ಈ ದೇಶದಲ್ಲಿ ಎರಡು ಸ್ಥಳಾಂತರಗಳಾದವು. ಕೇಂದ್ರೀಯ ಆಲೂಗೆಡ್ಡೆ ಸಂಶೋಧನಾ ಸಂಸ್ಥೆ ಪಟ್ನಾದಿಂದ ಶಿಮ್ಲಾಕ್ಕೆ ಹೋಯಿತು. ರಾಯಚೂರು, ಕಲಬುರಗಿ, ಬೀದರ್ ಜಿಲ್ಲೆಗಳು ಹೈದರಾಬಾದ್ ರಾಜ್ಯದಿಂದ ಮೈಸೂರು ರಾಜ್ಯಕ್ಕೆ ಹೋದವು. ನಮ್ಮ ಕುಟುಂಬ ಎರಡರ ಜೊತೆಗೂ ಹೋಗದೆ ಕಾಚಿಗೂಡದಲ್ಲೇ ಕೂತಿತು. ಕಾಕಾ ನೃಪತುಂಗ ಶಾಲೆಯಲ್ಲಿ ಕನ್ನಡ ಮಾಧ್ಯಮದಲ್ಲಿ ಓದಿದವರು, ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮಕ್ಕೆ ಶಲ್ಯ ಹೊದ್ದು ಹೋಗುವವರು. ತರಕಾರಿ ಚೌಕಾಸಿ ತೆಲುಗಿನಲ್ಲಿ, ಸಿಟ್ಟು ದಖನಿಯಲ್ಲಿ. ಕ್ಯಾಸರೋಲ್ ಬೇಕೆಂದು ಹಟ ಹಿಡಿದವನು ಮೊಮ್ಮಗ. ಅವನು ಅದನ್ನು ಫೋನಿನಲ್ಲಿ ನೋಡಿದ್ದಾನೆ, ಆವಿ ಸಮೇತ.

ಮೊದಲ ಆಕ್ಷೇಪ ಬರುವುದು ಸಾಸೇಜಿನ ಮೇಲೆ: ಅದು ಪರದೇಶಿ ಪದಾರ್ಥ, ನಮ್ಮದಲ್ಲ. ಇದು ಇತಿಹಾಸದ ಮುಂದೆ ನಿಲ್ಲುವ ಮಾತಲ್ಲ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ 12ನೇ ಶತಮಾನದಲ್ಲಿ ರಚಿಸಿದ ‘ಮಾನಸೋಲ್ಲಾಸ’ಕ್ಕೆ ನೂರು ಅಧ್ಯಾಯಗಳು, ಅದರ ಅನ್ನಭೋಗದ ಭಾಗದಲ್ಲಿ ಪ್ರಾಣಿಯ ಕರುಳಿನೊಳಗೆ ಮಸಾಲೆ ಸಹಿತ ಹೂರಣ ತುಂಬಿಸಿ ಕೆಂಡದ ಮೇಲೆ ಸುಡುವ ತಿನಿಸಿನ ವಿವರವಿದೆ. ಕರುಳು, ಒಳಗೆ ಹೂರಣ, ಕೆಳಗೆ ಬೆಂಕಿ. ಇದನ್ನು ಸಾಸೇಜ್ ಅಲ್ಲವೆನ್ನಲು ಬರುವುದಿಲ್ಲ. ಆ ಕಲ್ಯಾಣವೇ ಇಂದಿನ ಬೀದರ್ ಜಿಲ್ಲೆಯ ಬಸವಕಲ್ಯಾಣ, 1956ರವರೆಗೆ ಹೈದರಾಬಾದ್ ರಾಜ್ಯದಲ್ಲೇ ಇದ್ದ ಊರು. ಅಂದರೆ ಸಾಸೇಜ್ ಕಾಚಿಗೂಡಕ್ಕೆ ಬಂದರೆ ಅದು ಆಮದಲ್ಲ, ಜಿಲ್ಲೆಯಿಂದ ರಾಜಧಾನಿಗೆ ಬಂದಂತೆ. ಪರಿಣತರು ಇಲ್ಲಿಗೆ ನಿಲ್ಲಿಸಬೇಕು. ಅದೇ ಗ್ರಂಥದಲ್ಲಿ ಹೊಲದ ಇಲಿಯನ್ನು ಹುರಿಯುವ ವಿಧಾನವೂ ಇರುವುದರಿಂದ, ಅಜ್ಜಿಯ ಮುಂದೆ ಪೂರ್ವನಿದರ್ಶನ ಹೇಳುವಾಗ ಪುಟ ತಿರುವಕೂಡದು. ಇನ್ನು ಸೋಮೇಶ್ವರನ ನಂತರ ಕೆಲವೇ ದಶಕಗಳಲ್ಲಿ ಅದೇ ಊರಿಗೆ ಶರಣರು ಬಂದು ಅಡುಗೆಮನೆಯ ಹವಾಮಾನವೇ ಬದಲಾಯಿತು ಎಂಬುದನ್ನು ಯಾರಾದರೂ ಎತ್ತಿದರೆ, ಆಲೂಗೆಡ್ಡೆಯ ಕಡೆಗೆ ಮಾತು ತಿರುಗಿಸಿ.

ಯಾಕೆಂದರೆ ನಿಜವಾದ ಪರದೇಶಿ ಆಲೂಗೆಡ್ಡೆ. ದಕ್ಷಿಣ ಅಮೆರಿಕದ ಆಂಡೀಸ್ ಬೆಟ್ಟಗಳಲ್ಲಿ ಹುಟ್ಟಿ, ಯುರೋಪಿಗೆ ಹೋಗಿ, ಹಡಗು ಹತ್ತಿ ಬಂದದ್ದು. ಮಾನಸೋಲ್ಲಾಸದಲ್ಲಿ ಅದಿಲ್ಲ. 16ನೇ ಶತಮಾನದ ಆರಂಭದಲ್ಲಿ ಮೂರನೆಯ ಮಂಗರಸ ಕನ್ನಡದಲ್ಲಿ ಬರೆದ ‘ಸೂಪಶಾಸ್ತ್ರ’ ಅಚ್ಚ ಸಸ್ಯಾಹಾರದ ಗ್ರಂಥ, ಬದನೆಕಾಯಿಗೆ ಅಲ್ಲಿ ರಾಜಮರ್ಯಾದೆ. ಆಲೂಗೆಡ್ಡೆ ಅಲ್ಲೂ ಇಲ್ಲ. ಶ್ರಾದ್ಧದ ಅಡುಗೆಗೆ ಇಂದಿಗೂ ಅದಕ್ಕೆ ಪ್ರವೇಶವಿಲ್ಲ, ಪಿತೃಗಳು ಅದನ್ನು ಕಂಡವರಲ್ಲ. ಒಂಬೈನೂರು ವರ್ಷದ ಹಿಂದೆ ಇದ್ದ ಸಾಸೇಜ್ ಮನೆಯ ಹೊರಗೆ, ನಿನ್ನೆ ಮೊನ್ನೆ ಬಂದ ಗೆಡ್ಡೆ ಅಡುಗೆಮನೆಯ ಬುಟ್ಟಿಯಲ್ಲಿ. ನಾನು ಇದನ್ನು ಸಕಾರಣವಾಗಿ ಕಾಕಾನ ಮುಂದೆ ಮಂಡಿಸಿದಾಗ ಅವರು ಪೇಪರು ಇಳಿಸದೆ ಹೇಳಿದ್ದು, “ಆಲೂ ಎಲ್ಲಾರ ಜೋಡಿನೂ ಹೊಂದಿಕೊಂಡು ಹೋಗ್ತದ, ಅದಕ್ಕ ಅದು ಒಳಗದ.” ವಲಸೆ ನೀತಿಯ ಬಗ್ಗೆ ಇದಕ್ಕಿಂತ ಸಂಕ್ಷಿಪ್ತ ದಾಖಲೆ ನನಗೆ ಸಿಕ್ಕಿಲ್ಲ.

ಆಲೂಗೆಡ್ಡೆಯ ಆಯ್ಕೆ ಬಡಿಚೌಡಿ ಮಾರುಕಟ್ಟೆಯಲ್ಲಿ ಆಗಬೇಕು. ಉತ್ತರದ ಶೀತಲಗೃಹಗಳಲ್ಲಿ ತಿಂಗಳುಗಟ್ಟಲೆ ಕೂತು ಬಂದ ಗೆಡ್ಡೆಯಲ್ಲಿ ಪಿಷ್ಟ ಸಕ್ಕರೆಯಾಗಿರುತ್ತದೆ. ಭಟ್ಟಿಗೆ ಹೋದರೆ ಬೇಯುವ ಮೊದಲೇ ಕಪ್ಪಾಗುತ್ತದೆ, ಬಾಯಿಗಿಟ್ಟರೆ ಸಿಹಿ. ಹಾಸನದ ರೈತರು ಬಹುಕಾಲ ನೆಚ್ಚಿಕೊಂಡ ಕುಫ್ರಿ ಜ್ಯೋತಿ 1968ರಲ್ಲಿ ಬಿಡುಗಡೆಯಾದ ತಳಿ. ಹೊಸದಾಗಿ ಅಗೆದದ್ದು ಸಿಕ್ಕರೆ ಬಿಡಬೇಡಿ. ಹಸಿರು ತಿರುಗಿದ್ದನ್ನು ಬಿಡಿ, ಅದರಲ್ಲಿ ಸೊಲನಿನ್ ಎಂಬ ವಿಷಾಂಶ. ಇಷ್ಟನ್ನು ಗಾಡಿಯವನಿಗೆ ವಿವರಿಸಿದರೆ ಅವನು ನಿಮ್ಮನ್ನು ಆಪಾದಮಸ್ತಕ ನೋಡಿ ಕಿಲೋಗೆ ಐದು ರೂಪಾಯಿ ಹೆಚ್ಚಿಗೆ ಹೇಳುತ್ತಾನೆ.

ಈಗ ಅಧಿಕಾರ ವ್ಯಾಪ್ತಿಯ ಪ್ರಶ್ನೆ. ಮಾಂಸಾಹಾರ ಎಂಬುದು ಪದಾರ್ಥದ ಗುಣವೆಂದು ಸಾಮಾನ್ಯರು ತಿಳಿದಿದ್ದಾರೆ. ಅದು ಸ್ಥಳದ ಗುಣ. ಇರಾನಿ ಹೋಟೆಲಿನ ಒಳಗೆ ಕಾಕಾ ತಿಂದದ್ದು ಆಹಾರ. ರಂಜಾನ್ ತಿಂಗಳಲ್ಲಿ ಗೆಳೆಯರ ಜೊತೆ ಉಂಡ ಹಲೀಮ್ ಸಂಸ್ಕೃತಿ. 2010ರಲ್ಲಿ ಅದಕ್ಕೆ ಭೌಗೋಳಿಕ ಸೂಚಿಕೆಯ ಮಾನ್ಯತೆ ಬಂದ ಮೇಲಂತೂ ಹೆಚ್ಚುಕಡಿಮೆ ಸರ್ಕಾರಿ ಕೆಲಸ. ಅದೇ ವಸ್ತು ಹೊಸ್ತಿಲು ದಾಟಿದರೆ ಮಾತ್ರ ಮಾಂಸ. ಈ ಮನೆಯ ಅಲಿಖಿತ ಸಂವಿಧಾನ ಒಂದೇ ಸಾಲಿನದು: ಒಳಗ ತಿನ್ನಂಗಿಲ್ಲ, ಹೊರಗ ಹೇಳಂಗಿಲ್ಲ. ಮಧ್ಯಂತರ ವ್ಯವಸ್ಥೆಯಾಗಿ ತಾರಸಿಯ ನೀರಿನ ಟ್ಯಾಂಕಿನ ಪಕ್ಕದಲ್ಲಿ ಒಂದು ಸಣ್ಣ ಗ್ಯಾಸ್ ಒಲೆ, ಒಂದು ಹಿಡಿಕೆ ಮುರಿದ ಬಾಣಲೆ ಇವೆ. ಅದು ಮೊಟ್ಟೆಯ ಬಾಣಲೆ. ಅದು ಕೆಳಗೆ ಇಳಿಯುವುದಿಲ್ಲ, ಕೆಳಗಿನ ಪಾತ್ರೆಗಳು ಮೇಲೆ ಹತ್ತುವುದಿಲ್ಲ. ತಾರಸಿ ಮನೆಯ ಒಳಗೋ ಹೊರಗೋ ಎಂಬ ವಿವಾದಕ್ಕೆ ಕಾಕಾ ತೀರ್ಪು ಕೊಟ್ಟಿದ್ದಾರೆ: ಮೆಟ್ಟಿಲ ಬಾಗಿಲಿಗೆ ಚಿಲಕ ಹಾಕಿದ್ದರೆ ಹೊರಗೆ, ತೆಗೆದಿದ್ದರೆ ಒಳಗೆ.

ಒಂದು ಪಾತ್ರೆಯ ತತ್ತ್ವಕ್ಕೆ ಬರೋಣ. ಅಜ್ಜಿಗೆ ಈರುಳ್ಳಿ, ಬೆಳ್ಳುಳ್ಳಿ ನಡೆಯುವುದಿಲ್ಲ. ಅವರ ಕ್ಯಾಸರೋಲ್ ಬೇರೆ, ಮಡಿಯಲ್ಲಿ, ಒಳಗಿನ ಒಲೆಯ ಮೇಲೆ. ಕಾಕುಗೆ ಈರುಳ್ಳಿ ನಡೆಯುತ್ತದೆ, ಮೊಟ್ಟೆ ನಡೆಯುವುದಿಲ್ಲ. ವೈನಿಗೆ ಮೊಟ್ಟೆ ನಡೆಯುತ್ತದೆ, ಸಾಸೇಜ್ ನಡೆಯುವುದಿಲ್ಲ. ಆದರೆ ಸಾಸೇಜ್ ಬೆಂದ ರಸ, ಯಾರೂ ನೋಡದಿದ್ದರೆ, ನಡೆಯುತ್ತದೆ. ಡಲ್ಲಾಸಿನಿಂದ ರಜೆಗೆ ಬಂದಿರುವ ಅಳಿಯ ಈಗ ಹಾಲು, ಬೆಣ್ಣೆ, ಜೇನುತುಪ್ಪವನ್ನೂ ಬಿಟ್ಟಿದ್ದಾರೆ. ಅದು ಯಾವ ವ್ರತವೆಂದು ತಿಳಿಯದೆ ಅಜ್ಜಿಗೆ ಅವರ ಮೇಲಿನ ಗೌರವ ಇಮ್ಮಡಿಯಾಗಿದೆ. ಹೀಗೆ ಒಂದು ಪಾತ್ರೆಯ ಊಟಕ್ಕೆ ಐದು ಪಾತ್ರೆಗಳು ಬೇಕಾಗುತ್ತವೆ, ಸೌಟುಗಳು ಪ್ರತ್ಯೇಕ. ಸಾಸೇಜ್ ಇರುವುದು ಒಂದರಲ್ಲಿ.

ಆ ಒಂದರ ವಿಧಾನ. ಅರ್ಧ ಕಿಲೋ ಚಿಕನ್ ಸಾಸೇಜನ್ನು ಫ್ರೀಜರಿನಿಂದ ತೆಗೆದು, ಪೊಟ್ಟಣವನ್ನು ಕನ್ನಡ ಪತ್ರಿಕೆಯಲ್ಲಿ ಸುತ್ತಿ ಮೆಟ್ಟಿಲು ಹತ್ತಿಸಿ. ಹಂದಿಯ ಸಾಸೇಜಿನ ಪ್ರಸ್ತಾಪವೇ ಬೇಡ. ಅದರ ಕಾರಣ ಭಟ್ಟಿಯ ಹತ್ತಿರ ಹೋದಾಗ ತಿಳಿಯುತ್ತದೆ. ಬಾಣಲೆಯಲ್ಲಿ ಹೊರಳಿಸುತ್ತ ಕೆಂಪಗಾಗಿಸಿ. ಈ ಬಣ್ಣಕ್ಕೂ ಘಮಕ್ಕೂ ಮೈಲಾರ್ಡ್ ಕ್ರಿಯೆ ಕಾರಣ, ಅದಕ್ಕೆ ಸುಮಾರು 140 ಡಿಗ್ರಿ ಸೆಲ್ಸಿಯಸ್ ಬೇಕು. ಮೇ ತಿಂಗಳಲ್ಲಾದರೆ ತಾರಸಿಯ ನೆಲವೇ ಅಷ್ಟೋ ಇಷ್ಟೋ ನೆರವಾಗುತ್ತದೆ. ಈರುಳ್ಳಿ, ಟೊಮ್ಯಾಟೊ ಬಾಡಿಸಿ, ಒಂದು ಕಿಲೋ ಆಲೂಗೆಡ್ಡೆಯ ಬಿಲ್ಲೆಗಳನ್ನು ಪದರ ಪದರವಾಗಿ ಜೋಡಿಸಿ, ಎರಡು ಲೋಟ ಬಿಸಿನೀರು ಹಾಕಿ. ಪುಸ್ತಕ ಥೈಮ್ ಎಂಬ ಸೊಪ್ಪನ್ನು ಕೇಳುತ್ತದೆ. ಅದರ ವಾಸನೆಗೆ ಕಾರಣವಾದ ಥೈಮಾಲ್ ನಮ್ಮ ಅಜವಾನದಲ್ಲಿ ಧಾರಾಳವಾಗಿದೆ, ಒಂದು ಚಮಚ ಸಾಕು. ಅಜವಾನ ಎಣ್ಣೆಗೆ ಬಿದ್ದ ಕೂಡಲೇ ಕೆಳಗಿನಿಂದ ಅಜ್ಜಿಯ ದನಿ ಬರುತ್ತದೆ: “ಯಾರಿಗೆ ಹೊಟ್ಟಿ ಕೆಟ್ಟದ?”

ಮನೆಯಲ್ಲಿ ಓವನ್ ಇಲ್ಲ. ಇದ್ದರೂ ಅದರೊಳಗೆ ಹಪ್ಪಳದ ಡಬ್ಬಿ, ಹಳೆಯ ಮಿಕ್ಸರಿನ ಜಾರು ಇರುತ್ತವೆ. ಹೈದರಾಬಾದಿನಲ್ಲಿ ಇದಕ್ಕೆ ತಲೆಮಾರುಗಳ ಪರಿಹಾರವಿದೆ: ಮೊಹರಂ ತಿಂಗಳಲ್ಲಿ ದಮ್ ಕೆ ರೋಟ್ ಮಾಡುವ ಮನೆಗಳವರು ಹಿಟ್ಟು ಕಲಸಿ ಓಣಿಯ ಬೇಕರಿ ಭಟ್ಟಿಗೆ ಕೊಟ್ಟು ಬೇಯಿಸಿಕೊಂಡು ಬರುತ್ತಾರೆ. ಕ್ಯಾಸರೋಲೂ ಅದೇ ದಾರಿ ಹಿಡಿಯಬೇಕು. ಮಧ್ಯಾಹ್ನ ಬ್ರೆಡ್ಡು ಹೊರಬಂದ ಮೇಲೆ ಭಟ್ಟಿಯ ಶಾಖ ಇಳಿಮುಖವಾಗಿರುತ್ತದೆ, ಆಗ ಹೋಗಿ. ಪಾತ್ರೆಯ ಬಾಯಿಗೆ ಬಿರಿಯಾನಿಯ ದಮ್ಮಿನಂತೆ ಗೋಧಿಹಿಟ್ಟಿನ ಬತ್ತಿ ಮೆತ್ತಿದ್ದರೆ ಭಟ್ಟಿಯವರಿಗೆ ವಿಶ್ವಾಸ. ಸಂಭಾಷಣೆ ಹೀಗೆ ಸಾಗುತ್ತದೆ.

“ಕ್ಯಾ ಹೈ ಇಸ್ಮೆ?”

“ಚಿಕನ್ ಔರ್ ಆಲೂ, ಭಾಯ್.”

“ಮಿರ್ಚಿ ಡಾಲೇ?”

“ನೈ ಡಾಲೇ.”

“ಗರಂ ಮಸಾಲಾ?”

“ವೋ ಭೀ ನೈ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, ದನಿ ತಗ್ಗಿಸಿ ಕೇಳುತ್ತಾರೆ, “ಘರ್ ಮೇ ಕೋಯಿ ಬೀಮಾರ್ ಹೈ ಕ್ಯಾ?”

ಪರಸ್ಪರ ಮುಖಪರಿಚಯವೂ ಇಲ್ಲದ ಇಬ್ಬರು ತಜ್ಞರು, ಒಬ್ಬರು ವಾಸನೆಯಿಂದ, ಇನ್ನೊಬ್ಬರು ಸಾಮಗ್ರಿಯ ಪಟ್ಟಿಯಿಂದ, ಒಂದೇ ರೋಗನಿದಾನಕ್ಕೆ ಬಂದಿದ್ದಾರೆ. ವಿಜ್ಞಾನದಲ್ಲಿ ಇಂಥ ಫಲಿತಾಂಶವನ್ನು ಕಡೆಗಣಿಸುವಂತಿಲ್ಲ. ಹಿಟ್ಟಿನ ಬತ್ತಿ ಬಿಚ್ಚಿ, ಎರಡು ಚಮಚ ಗುಂಟೂರು ಖಾರದ ಪುಡಿ, ಒಂದು ಚಮಚ ಗರಂ ಮಸಾಲೆ, ಕೊತ್ತಂಬರಿ, ಪುದೀನ ಹಾಕಿ ಮತ್ತೆ ಮೆತ್ತಿ. ಪುದೀನವನ್ನು ಅವರೇ ಕೊಡುತ್ತಾರೆ, ದುಡ್ಡು ತೆಗೆದುಕೊಳ್ಳುವುದಿಲ್ಲ. ಒಳಗಿನ ಶಾಖ 74 ಡಿಗ್ರಿ ಮುಟ್ಟಿದರೆ ಕೋಳಿ ಸುರಕ್ಷಿತ. ಅದನ್ನು ಅಳೆಯುವ ಉಪಕರಣ ಭಟ್ಟಿಯವರ ಹೆಬ್ಬೆರಳು.

ಕೊನೆಯದು ಒಂದು ಊಟದ ತತ್ತ್ವ. ಕ್ಯಾಸರೋಲ್ ತನ್ನಷ್ಟಕ್ಕೇ ಪೂರ್ಣಭೋಜನ, ಆರು ಜನಕ್ಕೆ ಸಾಲುತ್ತದೆ, ಜೊತೆಗೆ ಏನೂ ಬೇಡ ಎಂದು ಪುಸ್ತಕಗಳು ಪ್ರತಿಜ್ಞೆ ಮಾಡುತ್ತವೆ. ಕೆಳಗಿನ ನಡುಮನೆಯಲ್ಲಿ ಅಜ್ಜಿಗೆ ಅವರ ಮಡಿ ಕ್ಯಾಸರೋಲ್ ಬಡಿಸಲಾಗುತ್ತದೆ: ಈರುಳ್ಳಿಯಿಲ್ಲ, ಬೆಳ್ಳುಳ್ಳಿಯಿಲ್ಲ, ಸಾಸೇಜಿಲ್ಲ, ಭಟ್ಟಿಯಿಲ್ಲ, ಸಾಸಿವೆ, ಕರಿಬೇವು, ಅರಿಶಿನ, ನಿಂಬೆರಸ ಇವೆ. ಅವರು ಒಂದು ತುತ್ತು ನೋಡಿ, “ಪಲ್ಯ ಛಲೋ ಆಗ್ಯದ. ಜೋಡಿ ಏನದ?” ಎನ್ನುತ್ತಾರೆ.

ಇಡೀ ಪಾಶ್ಚಾತ್ಯ ಪಾಕಶಾಸ್ತ್ರದಲ್ಲಿ ಈ ಪ್ರಶ್ನೆಗೆ ಉತ್ತರವಿಲ್ಲ. ಕಾಕು ಆಗಲೇ ಜೋಳದ ಹಿಟ್ಟು ನಾದುತ್ತಿರುತ್ತಾರೆ. 2023ರ ಅಕ್ಟೋಬರಿನಲ್ಲಿ ಕೃಷ್ಣಾ ಮಾರ್ಗವಾಗಿ ರಾಯಚೂರಿಗೂ ಕಾಚಿಗೂಡಕ್ಕೂ ರೈಲು ಶುರುವಾದ ಮೇಲೆ ಬಿಳಿಜೋಳದ ಹಿಟ್ಟು ಈ ಮನೆಯಲ್ಲಿ ತೀರುವುದೇ ಇಲ್ಲ. ತಾರಸಿಯಿಂದ ಮೊಮ್ಮಗ ಕೂಗುತ್ತಾನೆ, ತನಗೂ ಎರಡು ರೊಟ್ಟಿ. ಅಳಿಯ ರೊಟ್ಟಿಯ ಮೇಲೆ ಬೆಣ್ಣೆ ಬೇಡವೆನ್ನುತ್ತಾರೆ, ಆಮೇಲೆ ಸ್ವಲ್ಪ ಇರಲಿ ಎನ್ನುತ್ತಾರೆ. ರೊಟ್ಟಿಯ ನಂತರ ಅನ್ನ, ಅನ್ನಕ್ಕೆ ಸಾರು, ಸಾರಾದ ಮೇಲೆ ಮೊಸರು. ಆರು ಜನಕ್ಕೆಂದು ಮಾಡಿದ ಕ್ಯಾಸರೋಲ್ ರೊಟ್ಟಿಗೆ ಹಚ್ಚಿಕೊಳ್ಳುವ ಪಲ್ಯವಾಗಿ ಹದಿನಾಲ್ಕು ಜನಕ್ಕೆ ಸಾಕಾಗಿ, ಪಕ್ಕದ ಮನೆಗೂ ಒಂದು ಬಟ್ಟಲು ಹೋಗುತ್ತದೆ. ಯಾವ ಪಾತ್ರೆಯದು ಹೋಯಿತೆಂದು ಆ ಮನೆಯವರು ಕೇಳಿಲ್ಲ, ಕಾಕಾ ಹೇಳಿಲ್ಲ.

ಈ ಅನುಭವದ ಆಧಾರದ ಮೇಲೆ ಸಾಮಗ್ರಿಗಳ ಪಟ್ಟಿಯನ್ನು ಪರಿಷ್ಕರಿಸಿದ್ದೇನೆ. ಅರ್ಧ ಕಿಲೋ ಸಾಸೇಜಿಗೆ ಎರಡು ಕಿಲೋ ಜೋಳದ ಹಿಟ್ಟು, ಒಂದು ಕಿಲೋ ಸೋನಾ ಮಸೂರಿ, ಪಾವು ತೊಗರಿಬೇಳೆ, ಒಂದು ಬಟ್ಟಲು ಶೇಂಗಾ ಚಟ್ನಿಪುಡಿ. ಪೂರ್ವಸಿದ್ಧತೆಗೆ ಪುಸ್ತಕಗಳು ಹೇಳುವ 15 ನಿಮಿಷ ಸಾಲದು. ಕ್ಯಾಸರೋಲಿನ ಮೊದಲ ಹಂತವಾಗಿ, ಹಿಂದಿನ ರಾತ್ರಿಯೇ ಎರಡು ಲೀಟರ್ ಹಾಲಿಗೆ ಹೆಪ್ಪು ಹಾಕಿಡಿ.