ಅಡುಗೆಮನೆಗೊಂದು ಜಲಮಂಡಳಿ

ಸೈಟು ಕೊಳ್ಳುವಾಗ ಮೂವತ್ತು ವರ್ಷದ ಇಸಿ ತೆಗೆಸುವ, ಬದನೆಕಾಯಿ ಕೊಳ್ಳುವಾಗಲೂ ಒಂದೊಂದನ್ನೇ ತಿರುಗಿಸಿ ಹುಳುಕು ಹುಡುಕುವ ಬೆಂಗಳೂರಿಗರು ವಾಟರ್ ಫಿಲ್ಟರ್ ಕೊಳ್ಳುವಾಗ ವಿಚಾರಿಸುವುದು ಒಂದೇ: ಎದುರುಮನೆಯವರು ಯಾವುದು ಹಾಕಿಸಿದ್ದಾರೆ? ಅವರದು ಆರ್‌ಓ ಆದರೆ ನಮ್ಮದು ಆರ್‌ಓ ಪ್ಲಸ್ ಯುವಿ. ಅವರಲ್ಲಿ ಅದೂ ಇದ್ದರೆ ನಮಗೆ ಯುಎಫ್, ಆಲ್ಕಲೈನ್, ಮೇಲೊಂದಿಷ್ಟು ತಾಮ್ರ. ನಮ್ಮ ನೀರಿನಲ್ಲಿ ಅಸಲಿಗೆ ಏನಿದೆ ಎಂಬ ಪ್ರಶ್ನೆಗೆ ಈ ವ್ಯವಹಾರದಲ್ಲಿ ಜಾಗವಿಲ್ಲ. ಅದನ್ನು ಕೇಳಿದರೆ ವ್ಯಾಪಾರ ಕೆಡುತ್ತದೆ.

ಹಾಗೆ ಕೆಡದಂತೆ ನೋಡಿಕೊಳ್ಳಲೆಂದೇ ಡೆಮೊ ಹುಡುಗ ಬರುತ್ತಾನೆ. ಬಂದವನೇ ಎರಡು ಗಾಜಿನ ಲೋಟ ಕೇಳುತ್ತಾನೆ. ಒಂದಕ್ಕೆ ನಿಮ್ಮ ನಲ್ಲಿ ನೀರು, ಇನ್ನೊಂದಕ್ಕೆ ಅವನೇ ತಂದ ಆರ್‌ಓ ನೀರು. ಎರಡಕ್ಕೂ ಲೋಹದ ಸರಳುಗಳನ್ನು ಇಳಿಬಿಟ್ಟು ಸ್ವಿಚ್ ಒತ್ತುತ್ತಾನೆ. ನೋಡನೋಡುತ್ತಿದ್ದಂತೆ ನಲ್ಲಿ ನೀರು ಹಳದಿಯಾಗಿ, ಕಂದಾಗಿ, ಮೋರಿಯ ಬಣ್ಣಕ್ಕೆ ತಿರುಗಿ ಮೇಲೆ ಗಸಿ ಕಟ್ಟುತ್ತದೆ. ಅವನ ಲೋಟ ಮಾತ್ರ ತಿಳಿಯಾಗಿಯೇ ಇರುತ್ತದೆ. “ಮೇಡಂ, ಮಕ್ಕಳಿಗೆ ಇಷ್ಟು ದಿನ ಇದನ್ನೇ ಕುಡಿಸ್ತಿದ್ರಾ?” ಎಂದು ಮೆಲ್ಲಗೆ ಕೇಳುತ್ತಾನೆ. ಯಜಮಾನರು ಉತ್ತರ ಹೇಳುವುದಿಲ್ಲ, ಕ್ರೆಡಿಟ್ ಕಾರ್ಡ್ ಹುಡುಕಲು ಒಳಗೆ ಹೋಗುತ್ತಾರೆ.

ಹೈಸ್ಕೂಲಿನ ವಿದ್ಯುದ್ವಿಭಜನೆಯ ಪಾಠ ನೆನಪಿರುವವರಿಗೆ ಗೊತ್ತು, ಆ ಕೊಳೆ ನೀರಿನದಲ್ಲ, ಸರಳಿನದು. ನೀರಿನಲ್ಲಿ ಲವಣವಿದ್ದರೆ ಕರೆಂಟು ಹರಿಯುತ್ತದೆ, ಕರೆಂಟು ಹರಿದರೆ ಕಬ್ಬಿಣ ಕರಗುತ್ತದೆ, ಕರಗಿದ್ದು ತುಕ್ಕಾಗಿ ತೇಲುತ್ತದೆ. ಆರ್‌ಓ ನೀರಿನಲ್ಲಿ ಲವಣ ಇಲ್ಲವೆನ್ನುವಷ್ಟು ಕಡಿಮೆ, ಹಾಗಾಗಿ ಬಣ್ಣವೂ ಇಲ್ಲ. ಅವನ ಲೋಟಕ್ಕೂ ಒಂದು ಚಿಟಿಕೆ ಅಡುಗೆ ಉಪ್ಪು ಉದುರಿಸಿದರೆ ಆ ಪರಮ ಪವಿತ್ರ ಗಂಗೆಯೂ ಕ್ಷಣದಲ್ಲಿ ಮೋರಿಯಾಗುತ್ತಾಳೆ. ಆದರೆ ಮನೆಗೆ ಬಂದವರ ಲೋಟಕ್ಕೆ ಉಪ್ಪು ಹಾಕುವುದು ನಮ್ಮ ಸಂಸ್ಕೃತಿಯಲ್ಲವಲ್ಲ.

ಎರಡನೆಯ ಅಸ್ತ್ರ, ಪೆನ್ನಿನಾಕಾರದ ಟಿಡಿಎಸ್ ಮೀಟರ್. ಅದು ಹೇಳುವುದು ನೀರಿನಲ್ಲಿ ಕರಗಿದ ಲವಣಗಳ ಅಂದಾಜು ಮಾತ್ರ. ಕಾಲರಾ, ಟೈಫಾಯಿಡ್ ರೋಗಾಣುಗಳು ಮೆರವಣಿಗೆ ಹೊರಟರೂ ಅದರ ಕಣ್ಣಿಗೆ ಬೀಳುವುದಿಲ್ಲ. ಭಾರತೀಯ ಮಾನಕ ಬ್ಯೂರೋದ ಐಎಸ್ 10500 ಪ್ರಕಾರ ಲೀಟರಿಗೆ 500 ಮಿಲಿಗ್ರಾಂವರೆಗಿನ ಟಿಡಿಎಸ್ ಸ್ವೀಕಾರಾರ್ಹ. ಬೇರೆ ಮೂಲವೇ ಇಲ್ಲದ ಕಡೆ 2000ದವರೆಗೂ ಸಹಿಸಬಹುದು. ಕಾವೇರಿ ನೀರು ಸಾಮಾನ್ಯವಾಗಿ 500ರ ಒಳಗೇ ಇರುತ್ತದೆ. ಸುಮಾರು 100 ಕಿಲೋಮೀಟರ್ ಆಚೆಯ ತೊರೆಕಾಡನಹಳ್ಳಿಯಲ್ಲಿ ಶುದ್ಧವಾಗಿ, ಕ್ಲೋರಿನ್ ಬೆರೆಸಿಕೊಂಡು, ಬೆಟ್ಟದಷ್ಟು ಎತ್ತರ ಏರಿ ಬರುವ ಆ ನೀರು ಕೆಡುವುದು ನಮ್ಮ ಬೀದಿಗೆ ಬಂದ ಮೇಲೆ. ವಾರಕ್ಕೆ ಎರಡು ಮೂರು ದಿನ ಮಾತ್ರ ನೀರು ಬಿಟ್ಟರೆ ಉಳಿದ ದಿನ ಪೈಪು ಖಾಲಿ. ಬಿರುಕು ಬಿಟ್ಟ ಖಾಲಿ ಪೈಪಿನೊಳಕ್ಕೆ ಪಕ್ಕದ ಒಳಚರಂಡಿ ಜಿನುಗುತ್ತದೆ. ಅಲ್ಲಿಂದ ನೀರು ಯಾವ ದೀಪಾವಳಿಗೋ ತೊಳೆದ ಸಂಪಿಗೆ ಬೀಳುತ್ತದೆ. ಈ ಕಾಯಿಲೆಗೆ ಮದ್ದು ಕುದಿಸುವುದು ಅಥವಾ ಯುವಿ, ಜೊತೆಗೆ ಸಂಪಿಗಿಳಿದು ಉಜ್ಜುವ ಒಬ್ಬ ಮನುಷ್ಯ. ಆದರೆ ಸಂಪು ತೊಳೆಯುವುದಕ್ಕೆ ಇಎಂಐ ಇಲ್ಲ, ಆದ್ದರಿಂದ ಅದರ ಜಾಹೀರಾತೂ ಇಲ್ಲ.

ಇನ್ನು ಆರ್‌ಓ ಪೆಟ್ಟಿಗೆಯೊಳಗಿನ ಲೀಲೆ. ಮೊದಲು ಮೆಂಬ್ರೇನು ನೀರಿನ ಕ್ಯಾಲ್ಸಿಯಂ, ಮೆಗ್ನೀಸಿಯಂ ಎಲ್ಲವನ್ನೂ ಕಿತ್ತು ಹಾಕುತ್ತದೆ. ನೀರು ಸಪ್ಪೆಯಾಯಿತೆಂದು ಮುಂದಿನ ಹಂತದಲ್ಲಿ ಮಿನರಲ್ ಕಾರ್ಟ್ರಿಜ್ ಅವನ್ನೇ ಮರಳಿ ಸೇರಿಸುತ್ತದೆ, ಅದಕ್ಕೆ ಬೇರೆ ದರ. ಕೆಲವು ಮಾಡೆಲ್‌ಗಳಲ್ಲಿ ಟಿಡಿಎಸ್ ಕಂಟ್ರೋಲರ್ ಎಂಬ ತಿರುಪು ಇರುತ್ತದೆ. ಅದನ್ನು ತಿರುಗಿಸಿದರೆ ಆರ್‌ಓ ದಾಟದ ನೀರು ಆರ್‌ಓ ನೀರಿಗೆ ಬೆರೆಯುತ್ತದೆ. ಬೇಡವೆಂದು ಓಡಿಸಿದ್ದನ್ನು ಹಿತ್ತಿಲ ಬಾಗಿಲಿನಿಂದ ಒಳಗೆ ಕರೆಯಲು ಇಷ್ಟು ಖರ್ಚು ಮಾಡುವ ಜನ ಬೇರೆಲ್ಲಿದ್ದಾರೆ?

ಇದರ ನಡುವೆ ಒಂದು ಲೀಟರ್ ನೀರು ಲೋಟಕ್ಕೆ ಬರುವಷ್ಟರಲ್ಲಿ ಸುಮಾರು ಮೂರು ಲೀಟರ್ ಸಿಂಕಿಗೆ ಹೋಗಿರುತ್ತದೆ. 2024ರ ಬೇಸಿಗೆಯಲ್ಲಿ ಕುಡಿಯುವ ನೀರಿನಿಂದ ಕಾರು ತೊಳೆದವರಿಗೆ 5,000 ರೂಪಾಯಿ ದಂಡ ವಿಧಿಸಿದ ಊರು ಇದು. ಅದೇ ನೀರನ್ನು ಅಡುಗೆಮನೆಯಲ್ಲಿ ಸದ್ದಿಲ್ಲದೆ ಚರಂಡಿಗೆ ಬಿಟ್ಟವರು ಆರೋಗ್ಯಪ್ರಜ್ಞೆಯುಳ್ಳ ನಾಗರಿಕರು. ಟಿಡಿಎಸ್ 500ಕ್ಕಿಂತ ಕಡಿಮೆ ಇರುವಲ್ಲಿ ಆರ್‌ಓ ನಿಷೇಧಿಸಿ ಎಂದು ರಾಷ್ಟ್ರೀಯ ಹಸಿರು ನ್ಯಾಯಮಂಡಳಿ 2019ರಲ್ಲೇ ಹೇಳಿತು. ತಯಾರಕರ ಸಂಘ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿತು. ಆದೇಶ ಅಲ್ಲಿ ಇಲ್ಲಿ ಸೋಸಿಕೊಂಡು ಬರುವಷ್ಟರಲ್ಲಿ ಮನೆಮನೆಯ ಗೋಡೆಗೂ ಪೆಟ್ಟಿಗೆ ನೇತುಬಿದ್ದಾಗಿತ್ತು.

ಆರ್‌ಓ ನಿಜಕ್ಕೂ ಬೇಕಾದವರು ಇಲ್ಲವೆಂದಲ್ಲ. ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆ ಪಾತಾಳ ಮುಟ್ಟಿದ ಬೋರ್‌ವೆಲ್‌ಗಳಲ್ಲಿ ನೀರಿನ ಜೊತೆ ಫ್ಲೋರೈಡ್ ಬರುತ್ತದೆ. ಲೀಟರಿಗೆ ಒಂದೂವರೆ ಮಿಲಿಗ್ರಾಂ ದಾಟಿದ ಅಂಥ ನೀರನ್ನು ವರ್ಷಗಟ್ಟಲೆ ಕುಡಿದ ಮಕ್ಕಳ ಹಲ್ಲು ಕಂದುಗಟ್ಟುತ್ತದೆ, ಪ್ರಮಾಣ ಇನ್ನೂ ಹೆಚ್ಚಿದ್ದರೆ ದೊಡ್ಡವರ ಮೂಳೆ ಸೆಟೆಯುತ್ತದೆ. ಕುದಿಸಿದರೆ ಫ್ಲೋರೈಡ್ ಹೋಗುವುದಿಲ್ಲ, ನೀರು ಆವಿಯಾಗಿ ಇನ್ನಷ್ಟು ಗಟ್ಟಿಯಾಗುತ್ತದೆ. ಅಲ್ಲಿ ಮೆಂಬ್ರೇನು ಶೋಕಿಯಲ್ಲ, ಔಷಧ. ಸರ್ಕಾರ ಹಳ್ಳಿಹಳ್ಳಿಗೂ ಶುದ್ಧ ಕುಡಿಯುವ ನೀರಿನ ಘಟಕ ಕಟ್ಟಿಸಿತು, ನಾಣ್ಯ ಹಾಕಿದರೆ ಬಿಂದಿಗೆ ತುಂಬುವಂಥದ್ದು. ಅವುಗಳಲ್ಲಿ ಎಷ್ಟೋ ಘಟಕಗಳ ಮೋಟಾರು ಸುಟ್ಟಿದೆ, ಮೆಂಬ್ರೇನು ಕಟ್ಟಿಕೊಂಡಿದೆ, ಕಂಟ್ರಾಕ್ಟರ ಫೋನು ಎತ್ತುವುದಿಲ್ಲ. ಬಾಗಿಲಿನ ಬೀಗಕ್ಕೆ ಮಾತ್ರ ಎಂದೂ ರಿಪೇರಿ ಬಂದಿಲ್ಲ. ನಡೆಯುತ್ತಿರುವ ಘಟಕಗಳ ಹಿಂದೆ ಹೋಗಿ ನೋಡಿದರೆ ಫ್ಲೋರೈಡ್ ತುಂಬಿದ ತ್ಯಾಜ್ಯ ನೀರು ಪಕ್ಕದ ಹಳ್ಳಕ್ಕಿಳಿದು, ಬಂದ ನೆಲಕ್ಕೇ ವಾಪಸು ಹೊರಟಿರುತ್ತದೆ.

ಹಾಗಾದರೆ ಫಿಲ್ಟರ್ ಹಾಕಿಸಬೇಕೋ ಬೇಡವೋ? ಉತ್ತರ ಸುಲಭ, ಅದಕ್ಕೇ ಯಾರಿಗೂ ಬೇಡ. ಲ್ಯಾಬಿನಲ್ಲಿ ನೀರು ಪರೀಕ್ಷೆ ಮಾಡಿಸಿ. ಬೋರ್‌ವೆಲ್ ಅಥವಾ ಟ್ಯಾಂಕರ್ ನೀರಿನಲ್ಲಿ ಲವಣ, ಫ್ಲೋರೈಡ್, ನೈಟ್ರೇಟ್ ಮಿತಿ ಮೀರಿದ್ದರೆ ಆರ್‌ಓ. ಕೊಳಚೆ ಬೆರೆತ ಅನುಮಾನವಿದ್ದರೆ ಹಳ್ಳಿಗಳಲ್ಲಿ ಬಳಸುವ ಎಚ್‌ಟುಎಸ್ ಬಾಟಲಿಗೆ ನೀರು ತುಂಬಿ ಒಂದೆರಡು ದಿನ ಬೆಚ್ಚಗಿಡಿ. ಕಪ್ಪಾದರೆ ಕುದಿಸಿ, ಜೊತೆಗೆ ದೂರು ಕೊಡಿ.

ಆ ದೂರೇ ಈಗ ಹುಟ್ಟುತ್ತಿಲ್ಲ. ಕೇಳಿಸುವಷ್ಟು ಗಟ್ಟಿ ದನಿಯಿರುವವರೆಲ್ಲ ಅಡುಗೆಮನೆಯ ಗೋಡೆಗೆ ಒಂದೊಂದು ಖಾಸಗಿ ಜಲಮಂಡಳಿ ನೇತುಹಾಕಿಕೊಂಡಿದ್ದಾರೆ. ನಲ್ಲಿ ನೀರು ನಾರುತ್ತಿದೆ ಎಂದು ಎಂಜಿನಿಯರರಿಗೆ ಫೋನು ಮಾಡಬೇಕಾದವರು, ಎಎಂಸಿ ಮುಗಿಯಿತೆಂದು ಕಂಪನಿಗೆ ಫೋನು ಮಾಡುತ್ತಾರೆ. ಜಲಮಂಡಳಿಗೆ ಇದಕ್ಕಿಂತ ಒಳ್ಳೆಯ ಗ್ರಾಹಕರು ಸಿಕ್ಕಾರೆಯೇ? ಬಿಲ್ಲು ತಪ್ಪದೆ ಕಟ್ಟುತ್ತಾರೆ, ನೀರು ಮಾತ್ರ ಕುಡಿಯುವುದಿಲ್ಲ.